ದಿಮ್ಮಿಯ ಮೂರನೆಯ ಒಕ್ಕಲು

ಅಣಬೆ ಎಂದರೆ ನಮಗೆ ನೆನಪಾಗುವುದು ಗುಡುಗು ಮಳೆಯ ಮಾರನೆಯ ದಿನ ಹುತ್ತದ ಮೇಲೆ ಏಳುವ ಬಿಳಿ ಕೊಡೆ, ಆಮೇಲೆ ಅದರ ಸಾರು. ಇವತ್ತು ನಾನು ಹೇಳಹೊರಟಿರುವುದು ಸಾರಿಗೆ ಬಾರದ ಅಣಬೆಯ ವಿಷಯ. ಮರದ ಬೊಡ್ಡೆಯಿಂದ, ಬಿದ್ದ ದಿಮ್ಮಿಯಿಂದ ಅಡ್ಡಕ್ಕೆ ಚಾಚಿಕೊಂಡು, ಕೀಳಹೋದರೆ ಉಗುರು ಮುರಿಯುವಷ್ಟು ಗಡುಸಾಗಿ ಕೂತಿರುತ್ತದಲ್ಲ, ಅದು. ಕಾಡಿನಲ್ಲಿ ಓಡಾಡಿದವರೆಲ್ಲ ಅದನ್ನು ನೋಡಿದ್ದಾರೆ. ನಿಂತು ನೋಡಿದವರು ಕಡಿಮೆ. ಆ ಅಣಬೆಯನ್ನು ಕೊರೆದು ಬದುಕುವ ದುಂಬಿಗಳಿವೆ. ಆ ದುಂಬಿಗಳ ಮರಿಗಳನ್ನು ಹುಡುಕಿಕೊಂಡು ಬರುವ ಕಣಜಗಳಿವೆ. ಬಿದ್ದ ಒಂದು ದಿಮ್ಮಿಗೆ ಹೀಗೆ ಮೂರು ಒಕ್ಕಲು. ಮೂರನೆಯ ಒಕ್ಕಲಾದ ಕಣಜವೇ ಇವತ್ತಿನ ನಾಯಕಿ. ನಾಯಕಿ ಎಂದೇ ಹೇಳುತ್ತೇನೆ, ಏಕೆಂದರೆ ಈ ಕುಲದಲ್ಲಿ ಗಂಡಿನ ಪಾತ್ರ ಬಹಳ ಚಿಕ್ಕದು. ಅದು ಯಾಕೆ ಹಾಗೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಣಬೆ. ಅಡಿಕೆ ತೋಟ ಇಟ್ಟುಕೊಂಡವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಮರದ ಬುಡದಲ್ಲಿ ಕೆಂಗಂದು ಬಣ್ಣದ, ಮೇಲ್ಮೈ ಮಿರಿಮಿರಿ ಹೊಳೆಯುವ ಅಣಬೆ ಎದ್ದಿತೆಂದರೆ ಆ ಮರದ ಆಯಸ್ಸು ಮುಗಿಯಿತೆಂದೇ ಲೆಕ್ಕ. ಅಣಬೆ ರೋಗ ಎನ್ನುವುದು ಇದನ್ನೇ. ಗ್ಯಾನೊಡರ್ಮಾ ಎಂಬುದು ಶಾಸ್ತ್ರದವರ ಹೆಸರು. ಇದೊಂದರಿಂದ ಇಡೀ ಕುಲಕ್ಕೆ ಕೆಟ್ಟ ಹೆಸರು ಬಂದಿದೆ. ಆದರೆ ಈ ಗುಂಪಿನ ಅಣಬೆಗಳಲ್ಲಿ ಹೆಚ್ಚಿನವು ಬದುಕಿರುವ ಮರದ ತಂಟೆಗೆ ಹೋಗುವುದಿಲ್ಲ. ಸತ್ತ ಮರವೇ ಅವುಗಳ ಅನ್ನ. ನಮ್ಮ ಕಣ್ಣಿಗೆ ಬೀಳುವ ಗಡುಸು ಭಾಗ ಅಣಬೆಯ ಕಾಯಿ ಮಾತ್ರ. ಅಸಲು ಜೀವ ಮರದೊಳಗೆ ನೂಲುನೂಲಾಗಿ ಹಬ್ಬಿಕೊಂಡಿರುತ್ತದೆ, ವರ್ಷಗಟ್ಟಲೆ. ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆದು ಅರಗಿಸಿಕೊಳ್ಳುವ ವಿದ್ಯೆ ಜೀವಲೋಕದಲ್ಲಿ ತೀರ ಕೆಲವರಿಗಷ್ಟೇ ಒಲಿದಿದೆ. ಅವರಲ್ಲಿ ಮೊದಲ ಸಾಲಿನವು ಇವು. ಇವು ಇಲ್ಲದಿದ್ದರೆ ಬಿದ್ದ ಮರ ಬಿದ್ದಲ್ಲೇ ರಾಶಿ ಬೀಳುತ್ತಿತ್ತು, ಹೊಸ ಸಸಿಗೆ ಮಣ್ಣೇ ಸಿಗುತ್ತಿರಲಿಲ್ಲ.

ಅಣಬೆಯ ಅಡಿಭಾಗವನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಒತ್ತೊತ್ತಾಗಿ ಕಾಣುತ್ತವೆ. ಬೀಜಕಣಗಳು ಹೊರಬೀಳುವುದು ಅಲ್ಲಿಂದ. ಕೆನಡಾದ ವಿನಿಪೆಗ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ರೆಜಿನಾಲ್ಡ್ ಬುಲ್ಲರ್ ಇಂಥ ಲೆಕ್ಕಗಳನ್ನು ಮಾಡುವುದರಲ್ಲಿ ಜೀವ ಸವೆಸಿದವರು. ದೊಡ್ಡ ಗ್ಯಾನೊಡರ್ಮಾ ಒಂದು ದಿನಕ್ಕೆ 3,000 ಕೋಟಿ ಬೀಜಕಣಗಳನ್ನು ಗಾಳಿಗೆ ಬಿಡುತ್ತದೆ, ಅದೂ ತಿಂಗಳುಗಟ್ಟಲೆ, ಎಂದು ಅವರ ಅಂದಾಜು. ಇಷ್ಟು ಬೀಜ ಚೆಲ್ಲಿದರೂ ಕಾಡಿನ ಎಲ್ಲ ಮರದ ಮೇಲೂ ಅಣಬೆ ಏಳುವುದಿಲ್ಲ. ಸರಿಯಾದ ಮರ, ಸರಿಯಾದ ತೇವ, ಮೊದಲೇ ಬಂದು ಕೂತ ಇನ್ನೊಂದು ಅಣಬೆಯ ಗೈರುಹಾಜರಿ, ಇಷ್ಟೂ ಕೂಡಿಬರಬೇಕು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಂಡಿರಿ, ಕೊನೆಯಲ್ಲಿ ಬೇಕಾಗುತ್ತದೆ.

ಮನುಷ್ಯ ಈ ಅಣಬೆಗಳನ್ನು ಬಲು ಹಿಂದೆಯೇ ಬಲ್ಲ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ಸಾಮಾನುಗಳಲ್ಲಿ ಎರಡು ಬಗೆಯ ಮರದಣಬೆ ಇದ್ದವು. ಒಂದು ಕಲ್ಲಿನ ಕಿಡಿ ಹಿಡಿದು ಬೆಂಕಿ ಮಾಡಲು. ಇನ್ನೊಂದನ್ನು ತೊಗಲಿನ ದಾರಕ್ಕೆ ಪೋಣಿಸಿಕೊಂಡಿದ್ದ, ಔಷಧಿಗಿರಬೇಕು ಎನ್ನುತ್ತಾರೆ.

ಇಂಥ ಗಡುಸು ಪದಾರ್ಥವನ್ನು ತಿಂದು ಬದುಕುವವರಲ್ಲಿ ಮೊದಲ ಸ್ಥಾನ ಸಿಯಿಡೇ ಎಂಬ ಕುಟುಂಬದ ದುಂಬಿಗಳದು. ಅಣಬೆ ದುಂಬಿ ಎಂದು ಕರೆಯೋಣ. ಲೋಕದಲ್ಲಿ 650ಕ್ಕೂ ಹೆಚ್ಚು ಬಗೆ ಇವೆ. ಹೆಚ್ಚಿನವು 1ರಿಂದ 3 ಮಿಲಿಮೀಟರ್ ಉದ್ದ. ಅಂಗೈ ಮೇಲೆ ಸುರಿದುಕೊಂಡರೆ ಸಾಸಿವೆ ಕಾಳು ಹರಿದಾಡಿದಂತಿರುತ್ತದೆ. ಇವಕ್ಕೆ ಅಣಬೆಯೇ ಮನೆ, ಅಣಬೆಯೇ ಊಟ. ತಾಯಿ ದುಂಬಿ ಅಣಬೆಯಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಒಳಗೊಳಗೇ ಸುರಂಗ ಕೊರೆಯುತ್ತಾ ಬೆಳೆಯುತ್ತದೆ, ಅಲ್ಲೇ ಕೋಶವಾಗುತ್ತದೆ, ದುಂಬಿಯಾಗಿ ಎದ್ದ ಮೇಲೂ ಹೊರಗೆ ಹೋಗಲೇಬೇಕೆಂದಿಲ್ಲ. ಅದೇ ಅಣಬೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಸಂಸಾರ ಹೂಡುತ್ತಾರೆ. ಹೊರಗಿನಿಂದ ಅಣಬೆ ಗಟ್ಟಿಯಾಗೇ ಕಾಣುತ್ತಿರುತ್ತದೆ. ಒಂದು ದಿನ ಒತ್ತಿದರೆ ಪುಸಕ್ಕನೆ ಕುಸಿಯುತ್ತದೆ. ಒಳಗೆ ಬರೀ ಪುಡಿ.

ಕೆಲವು ಜಾತಿಗಳಲ್ಲಿ ಗಂಡಿಗೆ ತಲೆಯ ಮೇಲೋ ಬೆನ್ನಿನ ಮುಂಭಾಗದಲ್ಲೋ ಕೊಂಬು. ಎರಡು ಮಿಲಿಮೀಟರ್ ಪ್ರಾಣಿಗೆ ಎಂಥ ಕೊಂಬು ಎಂದು ನಗಬಹುದು. ಆದರೆ ಸುರಂಗದ ಬಾಯಲ್ಲಿ ಎದುರಾಳಿಯನ್ನು ಹಿಂದಕ್ಕೆ ತಳ್ಳಲು ಅಷ್ಟು ಸಾಕು.

ಈ ದುಂಬಿಗಳ ಬದುಕನ್ನು ಪಟ್ಟಾಗಿ ಕೂತು ನೋಡಿದವರಲ್ಲಿ ಕಿಟ್ಟಿ ಪೇವಿಯರ್-ಸ್ಮಿತ್ ಎಂಬ ವಿಜ್ಞಾನಿಯ ಹೆಸರು ಹೇಳಲೇಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನ ಮಗ್ಗುಲಲ್ಲಿ ವೈಥಮ್ ಎಂಬ ಕಾಡಿದೆ. 1940ರ ದಶಕದಿಂದ ಅದು ವಿಶ್ವವಿದ್ಯಾಲಯದ ಸ್ವತ್ತು. ಜಗತ್ತಿನಲ್ಲಿ ಅಂಗುಲ ಅಂಗುಲವಾಗಿ ತಪಾಸಣೆಗೊಳಗಾದ ಕಾಡು ಯಾವುದಾದರೂ ಇದ್ದರೆ ಅದು ಇದೇ ಇರಬೇಕು. ಅಲ್ಲಿ ಆಕೆ ಅಣಬೆಗಳನ್ನು ಆಯ್ದು, ಯಾವುದರಲ್ಲಿ ಯಾವ ದುಂಬಿ ಎಂದು ನೋಡಿ 1960ರಲ್ಲಿ ಪ್ರಕಟಿಸಿದರು. ಕಂಡದ್ದಿಷ್ಟು: ದುಂಬಿಗಳು ಸಿಕ್ಕ ಸಿಕ್ಕ ಅಣಬೆಗೆ ಹೋಗುವುದಿಲ್ಲ. ಪ್ರತಿಯೊಂದಕ್ಕೂ ತನ್ನದೆಂಬ ಅಣಬೆ ಇದೆ, ಬೇರೆಡೆ ಕಂಡರೂ ಅದು ನೆಂಟರ ಮನೆಗೆ ಹೋದಂತೆ ಅಷ್ಟೆ. ಟ್ರಮೀಟಿಸ್ ಎಂಬ ತೆಳ್ಳನೆಯ, ಬಣ್ಣಬಣ್ಣದ ಪಟ್ಟೆಯ ಅಣಬೆಗೆ ಬರುವ ತಂಡವೇ ಬೇರೆ. ದಪ್ಪ ಗ್ಯಾನೊಡರ್ಮಾಕ್ಕೆ, ಬರ್ಚ್ ಮರದ ಅಣಬೆಗೆ ಬರುವ ತಂಡವೇ ಬೇರೆ.

ಮನೆಯನ್ನು ಗುರುತಿಸುವುದು ವಾಸನೆಯಿಂದ. ಅಣಬೆ ಹೆಚ್ಚಿದಾಗ ಬರುವ ಘಮವಿದೆಯಲ್ಲ, ಅದು ಎಷ್ಟೋ ರಾಸಾಯನಿಕಗಳ ಬೆರಕೆ. ಒಂದೊಂದು ಅಣಬೆಯ ಬೆರಕೆ ಒಂದೊಂದು ಹದ. ಎರಡು ಜಾತಿಯ ದುಂಬಿಗಳನ್ನು ಇಟ್ಟುಕೊಂಡು ಇಂಗ್ಲೆಂಡಿನಲ್ಲಿ 2000ದ ಆಸುಪಾಸಿನಲ್ಲಿ ನಡೆಸಿದ ಪ್ರಯೋಗಗಳಲ್ಲಿ ಅವು ತಮ್ಮ ಅಣಬೆಯ ವಾಸನೆ ಹಿಡಿದು ನಡೆದವು. ಸ್ವೀಡನ್ನಿನಲ್ಲಿ ಕಾಡಿನೊಳಗೇ ಅಣಬೆಯ ವಾಸನೆಯ ಬಲೆಗಳನ್ನಿಟ್ಟು ನೋಡಿದಾಗಲೂ ದುಂಬಿಗಳು ಹಾರಿ ಬಂದು ಬಿದ್ದವು. ಈ ದುಂಬಿಗಳು ವಾಸನೆ ಹಿಡಿದು ಎಷ್ಟು ದೂರ ಹೋಗಬಲ್ಲವೋ, ಮನುಷ್ಯನ ಜೊತೆ ಸೇರಿ ಅದಕ್ಕಿಂತ ದೂರ ಹೋಗಿವೆ. ಆಸ್ಟ್ರೇಲಿಯಾದ ಒಂದು ಜಾತಿ 1884ರಲ್ಲಿ ಇಂಗ್ಲೆಂಡಿನ ಕೆಂಟ್ ಜಿಲ್ಲೆಯಲ್ಲಿ ಕಾಣಿಸಿಕೊಂಡು, ಅಲ್ಲಿಂದ ಮೆಲ್ಲಗೆ ಆ ದೇಶದ ಕಾಡುಗಳಿಗೆಲ್ಲ ಹಬ್ಬಿತು. ಒಣಗಿಸಿಟ್ಟ ಅಣಬೆಯ ಮಾದರಿಗಳ ಒಳಗೆ ಕೂತು ಹಡಗು ಹತ್ತಿ ಬಂದಿರಬೇಕು ಎಂಬ ಊಹೆ ಇದೆ. ಇದು ನಂಬಲಾಗದ ಮಾತಲ್ಲ. ಔಷಧಿಗೆಂದು ಮಾರುವ ಒಣ ಗ್ಯಾನೊಡರ್ಮಾದ ಚೀಲಗಳಲ್ಲಿ ಈ ಕುಟುಂಬದ ಇನ್ನೊಂದು ದುಂಬಿ ಇವತ್ತೂ ದೇಶ ಸುತ್ತುತ್ತಿದೆ.

ಇಷ್ಟು ಭದ್ರವಾದ ಮನೆ, ಸುತ್ತಲೂ ಮರದಂಥ ಗೋಡೆ, ಗೋಡೆಯೇ ಊಟ. ಹಕ್ಕಿಗೆ ಎಟುಕುವುದಿಲ್ಲ, ಇರುವೆಗೂ ಬಾಗಿಲು ಇಕ್ಕಟ್ಟು. ಆದರೂ ಒಬ್ಬಳು ಬರುತ್ತಾಳೆ.

ಸೆಫಲೋನೋಮಿಯಾ ಫಾರ್ಮಿಸಿಫಾರ್ಮಿಸ್ ಎಂದು ಅವಳ ಹೆಸರು. ಹೆಸರು ಅವಳಿಗಿಂತ ಉದ್ದ. 1833ರಲ್ಲಿ ಜಾನ್ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ಕೀಟಶಾಸ್ತ್ರಜ್ಞ ಇಟ್ಟದ್ದು. ಮುಂದೆ ಆತ ಅದೇ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ. ಬೆಥಿಲಿಡೇ ಎಂಬ ಕುಟುಂಬಕ್ಕೆ ಸೇರಿದ ಕಣಜ ಇದು. ಕಣಜ ಎಂದಕೂಡಲೇ ಸೂರಿನಡಿ ಗೂಡು ಕಟ್ಟಿ ಮೈಮೇಲೆ ಏರಿಬರುವ ಹಳದಿ ಪಟ್ಟೆಯ ಹುಳುವನ್ನು ಕಲ್ಪಿಸಿಕೊಳ್ಳಬೇಡಿ. ಇವಳು ಎರಡು ಮಿಲಿಮೀಟರಿನೊಳಗೆ. ಕಪ್ಪು ಮೈ, ಗೂಡಿಲ್ಲ, ಗುಂಪಿಲ್ಲ. ರೆಕ್ಕೆ ಇದ್ದರೂ ಮೊಂಡು. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಯಾರಾದರೂ ನೋಡಿದರೆ ಇರುವೆ ಎಂದುಕೊಂಡು ಬಿಟ್ಟುಬಿಡುತ್ತಾರೆ.

ಮರದೊಳಗಿನ ಹುಳುವನ್ನು ಹಿಡಿಯಲು ಪರಾವಲಂಬಿ ಕಣಜಗಳಲ್ಲಿ ಎರಡು ದಾರಿ ಇವೆ. ಒಂದು, ಹೊರಗೆ ನಿಂತು ಉದ್ದನೆಯ ಮೊಟ್ಟೆನಾಳವನ್ನು ಗೋಡೆಯೊಳಗೆ ತೂರಿಸಿ, ಕಾಣದ ಹುಳುವಿನ ಮೇಲೆ ಮೊಟ್ಟೆಯಿಡುವುದು. ಅದಕ್ಕೆ ಉದ್ದನೆಯ ಸೂಜಿ ಬೇಕು. ಇನ್ನೊಂದು, ಬಾಗಿಲಿನಿಂದಲೇ ಒಳಗೆ ಹೋಗುವುದು. ನಮ್ಮ ನಾಯಕಿಯದು ಈ ಎರಡನೆಯ ದಾರಿ. ಅವಳ ಮೈಕಟ್ಟು ನೋಡಿದರೆ ಅದು ಗೊತ್ತಾಗುತ್ತದೆ. ತಲೆ ಚಪ್ಪಟೆ, ಬಾಯಿ ಮುಂದಕ್ಕೆ ಚಾಚಿದೆ, ಮೈ ಉದ್ದಕ್ಕೂ ಒತ್ತಿದಂತಿದೆ, ಮುಂಗಾಲಿನ ತೊಡೆ ದಪ್ಪ. ದುಂಬಿ ಕೊರೆದ ತೂತಿನಲ್ಲೇ ನುಗ್ಗಿ, ಪುಡಿಯನ್ನು ಸರಿಸುತ್ತಾ, ಕತ್ತಲಲ್ಲಿ ಮೀಸೆಯಿಂದ ತಡಕಾಡುತ್ತಾ ಮರಿಹುಳುವಿನ ತನಕ ಹೋಗುತ್ತಾಳೆ.

ಹೋದಮೇಲೆ ನಡೆಯುವುದು ಚಿಕ್ಕ ಕುಸ್ತಿ. ಮರಿಹುಳು ಎಷ್ಟೋ ಸಲ ಅವಳಷ್ಟೇ ದೊಡ್ಡದು, ಕೊಸರಾಡುತ್ತದೆ. ಅವಳು ಬಿಗಿಹಿಡಿದು ಕುಟುಕುತ್ತಾಳೆ. ಆ ವಿಷದ ಕೆಲಸ ಕೊಲ್ಲುವುದಲ್ಲ, ಅಲ್ಲಾಡದಂತೆ ಮಾಡುವುದು. ಕೊಂದರೆ ಹುಳು ಕೊಳೆತುಹೋಗುತ್ತದೆ, ಮಕ್ಕಳಿಗೆ ಉಣ್ಣಲಾಗುವುದಿಲ್ಲ. ಬಿಟ್ಟರೆ ಅದು ಹೊರಳಾಡಿ ಮೊಟ್ಟೆಯನ್ನೇ ಜಜ್ಜಿಬಿಡುತ್ತದೆ. ಹಾಗಾಗಿ ಸತ್ತೂ ಸಾಯದ ಸ್ಥಿತಿ. ಆಮೇಲೆ ಅದರ ಚರ್ಮದ ಮೇಲೆ ಮೊಟ್ಟೆ ಇಡುತ್ತಾಳೆ. ಒಡೆದು ಬಂದ ಮರಿ ಹೊರಗಿನಿಂದಲೇ ತಲೆಯೂರಿ ಹೀರುತ್ತಾ ಬೆಳೆಯುತ್ತದೆ. ಹುಳುವಿನಲ್ಲಿ ಬರೀ ತೊಗಲು ಉಳಿದಾಗ ಬಿಟ್ಟು, ಪಕ್ಕದಲ್ಲೇ ರೇಷ್ಮೆಯ ಗೂಡು ನೇಯ್ದುಕೊಂಡು ಕೋಶವಾಗುತ್ತದೆ. ಹೇನು, ಉಣ್ಣೆಗಳು ಆಸರೆ ಕೊಟ್ಟವರ ರಕ್ತ ಕುಡಿಯುತ್ತವೆ, ಪ್ರಾಣ ತೆಗೆಯುವುದಿಲ್ಲ. ಈ ಕಣಜದ ಮರಿ ಪ್ರಾಣ ತೆಗೆಯದೆ ಬೆಳೆಯುವುದೇ ಇಲ್ಲ. ಕೃಷಿ ಇಲಾಖೆಯವರು ಪರತಂತ್ರ ಜೀವಿ ಎಂದು ಕರೆಯುವುದು ಇಂಥವುಗಳನ್ನೇ.

ಕತ್ತಲಲ್ಲಿ ಹುಳು ಸಿಗುವುದು ಹೇಗೆ? ಇವಳ ಹತ್ತಿರದ ಬಂಧುವೊಂದರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಗೋದಿಯ ಉಗ್ರಾಣಗಳಲ್ಲಿ ಧಾನ್ಯ ತಿನ್ನುವ ಚಪ್ಪಟೆ ದುಂಬಿಯನ್ನು ಬೇಟೆಯಾಡುವ ಸೆಫಲೋನೋಮಿಯಾ ವಾಟರ್‌ಸ್ಟೋನಿ ಎಂಬ ಜಾತಿ ಅದು. ಮರಿಹುಳು ನಡೆದುಹೋದ ದಾರಿಯಲ್ಲಿ ಉಳಿದ ವಾಸನೆಯ ಜಾಡನ್ನು ಅದು ಹಿಡಿಯುತ್ತದೆ ಎಂದು ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿಕೊಟ್ಟಿತು. ಕುಟುಕಿದ ಮೇಲೆ ಹುಳುವನ್ನು ಅಲ್ಲೇ ಬಿಡದೆ, ಮರೆಯಾದ ಜಾಗಕ್ಕೆ ಎಳೆದುಕೊಂಡು ಹೋಗಿ ಆಮೇಲೆ ಮೊಟ್ಟೆಯಿಡುವ ಜಾಣತನವೂ ಈ ಬಂಧುಗಳಲ್ಲಿ ಇದೆ.

ಇನ್ನು ಗಂಡಿನ ಪಾತ್ರ. ಕಣಜ, ಜೇನು, ಇರುವೆ, ಈ ಮೂರೂ ಕುಲಗಳಲ್ಲಿ ಒಂದು ವಿಶೇಷವಿದೆ. ಗಂಡಿನ ಬೀಜ ಕೂಡಿದ ಮೊಟ್ಟೆಯಿಂದ ಹೆಣ್ಣು, ಕೂಡದ ಮೊಟ್ಟೆಯಿಂದ ಗಂಡು. ಗಂಡಿಗೆ ತಂದೆಯೇ ಇಲ್ಲ. ಹೆಣ್ಣು ಒಮ್ಮೆ ಕೂಡಿ ಬೀಜವನ್ನು ಒಳಗೆ ಕಾಪಿಟ್ಟುಕೊಂಡಿರುತ್ತಾಳೆ. ಮೊಟ್ಟೆಯಿಡುವಾಗ ಬೀಜ ಬಿಡಬೇಕೋ ಬೇಡವೋ ಅವಳ ಇಚ್ಛೆ. ಅಂದರೆ ಗಂಡೋ ಹೆಣ್ಣೋ ಎನ್ನುವುದು ತಾಯಿಯ ಲೆಕ್ಕಾಚಾರ. ಸುರಂಗದೊಳಗೆ ಅವಳ ಲೆಕ್ಕ ಯಾವಾಗಲೂ ಹೆಣ್ಣಿನ ಕಡೆಗೇ ವಾಲುತ್ತದೆ. ಕಾರಣ ಸರಳ. ಮುಚ್ಚಿದ ಆ ಜಾಗದಲ್ಲಿ ಅಣ್ಣ-ತಂಗಿಯರೇ ಕೂಡುತ್ತಾರೆ. ಈ ಕುಟುಂಬದ ಹಲವು ಜಾತಿಗಳಲ್ಲಿ ಗಂಡು ಮೊದಲು ಗೂಡೊಡೆದು ಬಂದು, ತಂಗಿಯರ ಗೂಡನ್ನು ಕಚ್ಚಿ ತೂತುಮಾಡಿ ಒಳಗೇ ಹೋಗುತ್ತದೆ. ಹಲವು ಹೆಣ್ಣಿಗೆ ಒಂದು ಗಂಡು ಸಾಕು ಎಂದಮೇಲೆ ಗಂಡುಮಕ್ಕಳನ್ನು ಸಾಲಾಗಿ ಹೆತ್ತು ಹುಳು ದಂಡ ಮಾಡುವುದೇಕೆ? ಬ್ರಿಟನ್ನಿನ ವಿಲಿಯಂ ಹ್ಯಾಮಿಲ್ಟನ್ 1967ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಲೆಕ್ಕವನ್ನು ಗಣಿತದಲ್ಲಿ ಕೂರಿಸಿದರು. ಗಂಡು ಹೆಣ್ಣು ಸಮಸಮ ಇರುವುದೇ ಪ್ರಕೃತಿ ನಿಯಮ ಎಂದು ನಂಬಿಕೊಂಡಿದ್ದ ಜೀವಶಾಸ್ತ್ರಕ್ಕೆ ಅದು ದೊಡ್ಡ ಪೆಟ್ಟು. ನನ್ನ ಮಟ್ಟಿಗೆ ಆ ಶತಮಾನದ ಅತ್ಯಂತ ಚೆಲುವಾದ ಜೀವಶಾಸ್ತ್ರ ಲೇಖನಗಳಲ್ಲಿ ಅದೊಂದು. ಹ್ಯಾಮಿಲ್ಟನ್‌ಗೆ ಕೊಳೆತ ಮರ, ತೊಗಟೆಯಡಿಯ ಹುಳುಗಳೆಂದರೆ ಪ್ರಾಣ. ಇಂಥ ಲೆಕ್ಕಗಳು ಅವರಿಗೆ ಹೊಳೆದದ್ದರಲ್ಲಿ ಆ ಪ್ರೀತಿಗೂ ಪಾಲಿದೆ ಎಂದು ನನ್ನ ಅನಿಸಿಕೆ.

ರೆಕ್ಕೆಯ ವಿಷಯವೂ ಇದಕ್ಕೇ ಹೆಣೆದುಕೊಂಡಿದೆ. ಸೆಫಲೋನೋಮಿಯಾ ಕುಲದಲ್ಲಿ ಪೂರ್ತಿ ರೆಕ್ಕೆಯವೂ, ಮೊಂಡು ರೆಕ್ಕೆಯವೂ, ರೆಕ್ಕೆಯೇ ಇಲ್ಲದವೂ ಇವೆ. ಹುಟ್ಟಿದ ಅಣಬೆಯಲ್ಲೇ ಇನ್ನೂ ಹುಳುಗಳಿದ್ದರೆ ರೆಕ್ಕೆ ಅಡ್ಡಿ, ಸುರಂಗದಲ್ಲಿ ಸಿಕ್ಕಿಕೊಳ್ಳುತ್ತದೆ. ಅಣಬೆ ಪುಡಿಯಾಗಿ ಮುಗಿದರೆ ಮಾತ್ರ ಇನ್ನೊಂದನ್ನು ಹುಡುಕಲು ಹಾರಬೇಕು.

ಇವಳೊಬ್ಬಳೇ ಎಂದುಕೊಳ್ಳಬೇಡಿ. ಆಸ್ಟಿಕಸ್ ಎಂಬ ಇನ್ನೊಂದು ಕುಲದ ಕಣಜಗಳೂ ಅಣಬೆ ದುಂಬಿಗಳನ್ನೇ ನೆಚ್ಚಿಕೊಂಡಿವೆ. ಅವು ಯೂಲೋಫಿಡೇ ಎಂಬ ಬೇರೆಯೇ ಕುಟುಂಬದವು. ಅಣಬೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾದವರಿಗೆ ಇನ್ನೂ ಎಷ್ಟೋ ಕಣಜಗಳು ಸಿಕ್ಕಿವೆ. ಒಂದೇ ಅಣಬೆಯಿಂದ ದುಂಬಿ, ಪತಂಗ, ನೊಣ ಎಲ್ಲವೂ ಏಳುವುದರಿಂದ ಯಾವ ಕಣಜ ಯಾವುದನ್ನು ತಿಂದು ಬೆಳೆಯಿತು ಎಂದು ಹೇಳುವುದು ಸುಲಭವಲ್ಲ. ಒಂದೊಂದು ಸುರಂಗವನ್ನೂ ಬ್ಲೇಡಿನಿಂದ ಸೀಳಿ ನೋಡಬೇಕು.

ಇಷ್ಟು ಹೊತ್ತು ಇಂಗ್ಲೆಂಡಿನ ಕಾಡಿನಲ್ಲಿದ್ದೆವು. ಈ ಮನೆತನದ ಕವಲುಗಳು ನಮ್ಮೂರಿಗೂ ಬಂದಿವೆ. ಒಂದನ್ನು ನಾವೇ ಕರೆಸಿಕೊಂಡದ್ದು.

ಕಾಫಿ ಬೆಳೆಗಾರರಿಗೆ ಕಾಯಿಕೊ‌ರಕ ಎಂದರೆ, ಅಥವಾ ಅವರೇ ಹೇಳುವಂತೆ ಬೆರ್ರಿ ಬೋರರ್ ಎಂದರೆ, ಮುಖ ಸಣ್ಣದಾಗುತ್ತದೆ. ಆಫ್ರಿಕಾ ಮೂಲದ ಈ ದುಂಬಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಕೊಡಗಿಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. ಕಾಯಿಯ ತುದಿಯಲ್ಲಿ ಸೂಜಿಯಿಂದ ಚುಚ್ಚಿದಷ್ಟು ತೂತು. ಒಳಗೆ ಬೀಜದಲ್ಲೇ ಇಡೀ ಸಂಸಾರ. ಅಲ್ಲೂ ಅಣ್ಣ-ತಂಗಿಯರ ಕೂಟ, ಅಲ್ಲೂ ಹೆಣ್ಣೇ ಹೆಚ್ಚು, ಗಂಡಿಗೆ ಹಾರಲೂ ಬಾರದು. ಔಷಧಿ ಹೊಡೆದರೆ ಕಾಯಿಯೊಳಗಿನ ಹುಳುವಿಗೆ ತಾಗುವುದಿಲ್ಲ. ಹಾಗಾದರೆ ಯಾರು ಒಳಗೆ ಹೋಗಬಲ್ಲರು? ಸೆಫಲೋನೋಮಿಯಾ ಸ್ಟೆಫನೋಡೆರಿಸ್, ಅಂದರೆ ನಮ್ಮ ಅಣಬೆ ಕಣಜದ ಒಡಹುಟ್ಟಿನಂಥವಳು. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟಿನ ಈ ಕಣಜಕ್ಕೆ 1961ರಲ್ಲಿ ಹೆಸರಿಟ್ಟರು. ಕಾಯಿಕೊರಕ ಹೋದ ಹಲವು ದೇಶಗಳಿಗೆ ಅದನ್ನೂ ಒಯ್ದರು. 1990ರ ದಶಕದಲ್ಲಿ ಕಾಫಿ ಮಂಡಳಿಯ ವಿಜ್ಞಾನಿಗಳು ಅದನ್ನು ಭಾರತಕ್ಕೂ ತರಿಸಿ, ಸಾಕಿ, ತೋಟಗಳಲ್ಲಿ ಬಿಟ್ಟರು. ದುಂಬಿ ಮಾಡಿದ ತೂತಿನಲ್ಲೇ ಒಳಹೊಕ್ಕು, ಮೊಟ್ಟೆಗಳನ್ನೂ ದುಂಬಿಗಳನ್ನೂ ತಾನು ತಿಂದು, ಬೆಳೆದ ಮರಿಹುಳುಗಳ ಮೇಲೆ ಒಂದೊಂದು ಮೊಟ್ಟೆಯಿಡುವುದು ಅವಳ ಕಸುಬು. ಅವಳಿಂದ ಕಾಯಿಕೊರಕ ಮಾಯವಾಯಿತೇ? ಇಲ್ಲ. ಗಿಡದಲ್ಲಿ ಉಳಿದ ಕಾಯಿ, ನೆಲಕ್ಕೆ ಉದುರಿದ ಕಾಯಿಗಳನ್ನು ಆಯುವುದು, ಬಲೆ ಕಟ್ಟುವುದು, ಕಾಫಿ ಸರಿಯಾಗಿ ಒಣಗಿಸುವುದು ಇವತ್ತಿಗೂ ತಪ್ಪಿಲ್ಲ. ಕಣಜ ಬಿಟ್ಟುಬಿಟ್ಟರೆ ಕೈ ತೊಳೆದುಕೊಳ್ಳಬಹುದು ಎಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಬೇರೆ ಯಾರೂ ಹೋಗಲಾರದ ಜಾಗಕ್ಕೆ ಹೋಗುವವಳು ಅವಳೇ.

ಬೆಥಿಲಿಡೇ ಮನೆತನದ ಇನ್ನೊಬ್ಬಳ ಹೆಸರು ತೆಂಗು ಬೆಳೆಗಾರರಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ: ಗೋನಿಯೋಜಸ್. ತೆಂಗಿನ ಗರಿಯನ್ನು ಸುಟ್ಟಂತೆ ಒಣಗಿಸುವ ಕಪ್ಪುತಲೆ ಹುಳುವಿಗೆ ಅವಳೇ ವೈರಿ. ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳು ಅವಳನ್ನು ಸಾಕಿ, ಮರಕ್ಕಿಷ್ಟು ಎಂದು ಲೆಕ್ಕಹಾಕಿ ರೈತರಿಗೆ ಕೊಡುತ್ತವೆ. ಅವಳಲ್ಲಿ ಒಂದು ಗುಣ ನನಗೆ ಬಹಳ ಹಿಡಿಸಿದ್ದು. ಮೊಟ್ಟೆಯಿಟ್ಟು ಹೊರಟುಹೋಗುವುದಿಲ್ಲ, ಹುಳುವಿನ ಪಕ್ಕದಲ್ಲೇ ಕಾವಲು ಕೂರುತ್ತಾಳೆ. ಇನ್ನೊಬ್ಬಳು ಬಂದು ಆ ಮೊಟ್ಟೆಗಳನ್ನು ತಿಂದು ತನ್ನವನ್ನಿಡಲು ನೋಡಿದರೆ ಜಗಳ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಈ ಜಗಳಗಳನ್ನು ವರ್ಷಗಟ್ಟಲೆ ನೋಡಿದ್ದಾರೆ. ಮೈ ದೊಡ್ಡದಿದ್ದವಳು ಸಾಮಾನ್ಯವಾಗಿ ಗೆಲ್ಲುತ್ತಾಳೆ. ಸೋತವಳು ಒಂದು ಬಗೆಯ ವಾಸನೆ ಬಿಡುತ್ತಾಳೆ.

ಮನೆಯೊಳಗೂ ಈ ಬಳಗದವರು ಇದ್ದಾರೆ. ಕೊತ್ತಂಬರಿ ಬೀಜ, ಅರಿಶಿನ, ಹೊಗೆಸೊಪ್ಪಿಗೆ ಬೀಳುವ ಸಣ್ಣ ಕಂದು ದುಂಬಿಯ ಬೆನ್ನುಹತ್ತಿ ಸೆಫಲೋನೋಮಿಯಾದ ಇನ್ನೊಂದು ಜಾತಿ ಬರುತ್ತದೆ. ಅಪರೂಪಕ್ಕೆ ಮನುಷ್ಯರನ್ನೂ ಕುಟುಕುತ್ತದೆ. ಜಪಾನು, ಯುರೋಪುಗಳಲ್ಲಿ ಕಾರಣ ತಿಳಿಯದ ತುರಿಕೆಗೆ ಇದೇ ಮೂಲವಾಗಿದ್ದುದನ್ನು ವೈದ್ಯರು ದಾಖಲಿಸಿದ್ದಾರೆ.

ಬೆಳೆಗೆ ಉಪಕಾರಿ ಎಂದು ಗೊತ್ತಾದ ಕೂಡಲೇ ಕಣಜಕ್ಕೆ ಪ್ರಯೋಗಾಲಯ, ಅನುದಾನ, ಕರಪತ್ರ ಎಲ್ಲ ಸಿಗುತ್ತವೆ. ಅಣಬೆಯೊಳಗಿನ ಅವಳ ಅಕ್ಕನನ್ನು ಕೇಳುವವರಿಲ್ಲ. ಅವಳು ಯಾವ ಬೆಳೆಯನ್ನೂ ಕಾಯುವುದಿಲ್ಲ. ಆದರೆ ಕಾಡು ಕೆಡುತ್ತಿದೆಯೇ ಎಂದು ತಿಳಿಯಬೇಕಾದರೆ ಕೇಳಬೇಕಾದದ್ದು ಅವಳಂಥವರನ್ನೇ. ಇದನ್ನು ಫಿನ್‌ಲೆಂಡಿನ ಒಂದು ಅಧ್ಯಯನದಿಂದ ಹೇಳುತ್ತೇನೆ. ಅಲ್ಲಿ ಅಣಬೆ ತಿನ್ನುವುದು ದುಂಬಿಯಲ್ಲ, ಪತಂಗ. ಮೂರನೆಯ ಒಕ್ಕಲು ಕಣಜವಲ್ಲ, ಒಂದು ನೊಣ. ಉಳಿದಂತೆ ಕಥೆ ಇದೇ.

ಪೂರ್ವ ಫಿನ್‌ಲೆಂಡಿನ ಹಳೆಯ ಸ್ಪ್ರೂಸ್ ಕಾಡುಗಳಲ್ಲಿ, ಬಿದ್ದ ದಿಮ್ಮಿಗಳ ಮೇಲೆ ಗುಲಾಬಿ ಬಣ್ಣದ ಒಂದು ಅಣಬೆ ಏಳುತ್ತದೆ. ಅದನ್ನು ಒಂದು ಚಿಕ್ಕ ಪತಂಗದ ಮರಿ ತಿನ್ನುತ್ತದೆ. ಆ ಮರಿಯೊಳಗೆ ಎಲ್ಫಿಯಾ ಸಿಂಗುಲಾಟಾ ಎಂಬ ನೊಣದ ಮರಿ ಬೆಳೆಯುತ್ತದೆ. ಮರ ಕಡಿದು ಕಡಿದು ಹಳೆಯ ಕಾಡು ತುಂಡುತುಂಡಾಗಿ ಉಳಿದಿತ್ತು. ಅಟ್ಟೆ ಕೊಮೊನೆನ್, ಇಲ್ಕ ಹನ್ಸ್ಕಿ ಮತ್ತವರ ಸಂಗಡಿಗರು ಅಖಂಡ ಕಾಡನ್ನೂ ಈ ತುಂಡುಗಳನ್ನೂ ಹೋಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅಖಂಡ ಕಾಡಿನಲ್ಲಿ ಮೂರೂ ಇದ್ದವು. ತುಂಡುಗಳಲ್ಲಿ ಪತಂಗ ಕಡಿಮೆಯಾಗಿತ್ತು. 12ರಿಂದ 32 ವರ್ಷ ಹಿಂದೆಯೇ ಬೇರ್ಪಟ್ಟ ತುಂಡುಗಳಲ್ಲಿ ನೊಣ ಒಂದೂ ಇರಲಿಲ್ಲ. ಮರ ನಿಂತಿದೆ, ಅಣಬೆಯೂ ಎದ್ದಿದೆ, ನೋಡುವವನಿಗೆ ಕಾಡು ಕಾಡಾಗಿಯೇ ಇದೆ. ಮೇಲಿನ ಮನೆ ಮಾತ್ರ ಖಾಲಿ.

ಯಾಕೆ ಮೇಲಿನವರೇ ಮೊದಲು ಹೋಗುತ್ತಾರೆ? ಬೀಜಕಣ ಎಷ್ಟು ಉದುರಿದರೂ ಅಣಬೆ ಎಲ್ಲ ಮರದ ಮೇಲೂ ಏಳುವುದಿಲ್ಲ ಎಂದೆನಲ್ಲ, ಅದಕ್ಕೇ ಈಗ ಬಂದೆ. ನೂರು ದಿಮ್ಮಿ ಬಿದ್ದಿವೆ ಎಂದಿಟ್ಟುಕೊಳ್ಳಿ. ಇಪ್ಪತ್ತರ ಮೇಲೆ ಅಣಬೆ ಎದ್ದಿದೆ. ಆ ಇಪ್ಪತ್ತರಲ್ಲಿ ಎಂಟಕ್ಕೆ ದುಂಬಿ ತಲುಪಿದೆ. ಆ ಎಂಟರಲ್ಲಿ ಎರಡಕ್ಕೆ ಕಣಜ. ಈಗ ಅರ್ಧ ದಿಮ್ಮಿಗಳನ್ನು ಸೌದೆಗೆ ಹೊತ್ತುಕೊಂಡು ಹೋದರೆ ಅಣಬೆಗೆ ಹತ್ತು ಮನೆ ಉಳಿಯುತ್ತವೆ, ದುಂಬಿಗೆ ನಾಲ್ಕು, ಕಣಜಕ್ಕೆ ಒಂದು. ಆ ಒಂದು ಅಣಬೆ ಪುಡಿಯಾದ ದಿನ, ಮೊಂಡು ರೆಕ್ಕೆಯ ಹೆಣ್ಣು ಎಲ್ಲಿಗೆ ಹೋಗಬೇಕು? ಕಡಿದದ್ದು ಅರ್ಧ, ಹೋದದ್ದು ಪೂರ್ತಿ.

ವೈಥಮ್ ಕಾಡಿನ ಅಧ್ಯಯನಗಳ ಹಿಂದಿದ್ದ ಚಾರ್ಲ್ಸ್ ಎಲ್ಟನ್ 1966ರ ತಮ್ಮ ಪುಸ್ತಕದಲ್ಲಿ ಈ ಮಾತನ್ನು ಒತ್ತಿ ಹೇಳಿದ್ದರು. ಬಿದ್ದ ಮರ, ಕೊಳೆತ ಮರಗಳನ್ನು ಗುಡಿಸಿ ತೆಗೆದರೆ ಕಾಡು ತನ್ನ ಪ್ರಾಣಿಗಳಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚನ್ನು ಕಳೆದುಕೊಳ್ಳುತ್ತದೆ ಎಂಬುದು ಅವರ ಎಣಿಕೆ. ನಮ್ಮಲ್ಲಿ ಈ ತಿಳಿವಳಿಕೆ ನ್ಯಾಯಾಲಯದ ಮೂಲಕ ಬಂತು. 2000ದ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನು ಸಾಗಿಸಕೂಡದೆಂದು ಆದೇಶ ಕೊಟ್ಟಿತು. ಬಂಡೀಪುರದಲ್ಲೋ ನಾಗರಹೊಳೆಯಲ್ಲೋ ಬಿದ್ದ ಮತ್ತಿಯ ಮರವನ್ನು ಕಂಡು, ಇಷ್ಟು ಒಳ್ಳೆಯ ನಾಟಾ ಕೊಳೆಯುತ್ತಿದೆಯಲ್ಲ ಎಂದು ಹೊಟ್ಟೆ ಉರಿದುಕೊಳ್ಳುವವರನ್ನು ನಾನು ಬಲ್ಲೆ. ಅದು ಕೊಳೆಯುತ್ತಿಲ್ಲ, ಅಲ್ಲಿ ಒಕ್ಕಲಿದ್ದಾರೆ.

ಅಭಯಾರಣ್ಯದ ಹೊರಗೆ ಆ ಆದೇಶ ನಡೆಯುವುದಿಲ್ಲ. ಅಲ್ಲಿ ನಡೆಯುವುದು ಜಮೀನಿನ ಯಜಮಾನರ ಮಾತು. ಆದ್ದರಿಂದ ತೋಟ, ಬ್ಯಾಣ, ಕಾನು ಇಟ್ಟುಕೊಂಡ ಕೇಳುಗರಲ್ಲಿ ಒಂದು ಕೋರಿಕೆ. ಅಡಿಕೆಯ ಅಣಬೆ ರೋಗದ ಬೊಡ್ಡೆಯನ್ನು ಬೇರುಸಹಿತ ತೆಗೆದು ಸುಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋಟದಂಚಿನಲ್ಲಿ ಬಿದ್ದ ಕಾಡುಮರದ ಒಂದೆರಡು ದಿಮ್ಮಿಗಳನ್ನು ಬಿದ್ದಲ್ಲೇ ಬಿಡಿ. ಅದರ ಮೇಲೆ ಅಣಬೆ ಎದ್ದು, ಅಡಿಯಲ್ಲಿ ನುಣ್ಣನೆಯ ಪುಡಿ ಉದುರಿರುವುದು ಕಂಡರೆ, ಒಂದೇ ಒಂದನ್ನು ಕಿತ್ತು ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿಟ್ಟು, ತೆಳುಬಟ್ಟೆ ಕಟ್ಟಿ, ಬಿಸಿಲು ಬೀಳದ ಕಡೆ ಇಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಒಪ್ಪಿಸಿ, ಕೆಲವು ವಾರ ಕಾಯಲಿ. ಮೊದಲು ದುಂಬಿಗಳು ಬರುತ್ತವೆ. ಆಮೇಲೆ ಇರುವೆಯಂಥದ್ದು, ಎರಡು ಮಿಲಿಮೀಟರಿನದು, ಗಾಜಿನ ಮೇಲೆ ಓಡಾಡುವುದು ಕಂಡರೆ ಒರೆಸಿಹಾಕಬೇಡಿ; ಸಮೀಪದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಒಯ್ದು ತೋರಿಸಿ. ಯಾವ ಊರು, ಯಾವ ಮರ, ಯಾವ ತಾರೀಕು ಎಂದು ಒಂದು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಲು ಮರೆಯಬೇಡಿ. ಚೀಟಿ ಇಲ್ಲದ ಹುಳು ಯಾರ ಉಪಯೋಗಕ್ಕೂ ಬರುವುದಿಲ್ಲ.